ದೊರೆ ಕದ್ದು ಕೇಳಿದಾಗ

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ನಾವು ನಿಂತಿದ್ದಾಗ ನಮ್ಮ ವಿದ್ಯಾರ್ಥಿನಿಯೊಬ್ಬಳ ಫೋನು ಸದ್ದುಮಾಡಿತು. ಅವಳು ತುಸು ಆಚೆ ಸರಿದು, ದನಿ ತಗ್ಗಿಸಿ, “ಅದೆಲ್ಲ ಫೋನಿನಲ್ಲಿ ಬೇಡ ಅಪ್ಪ, ಸಂಜೆ ಮನೆಗೆ ಬಂದು ಹೇಳ್ತೀನಿ” ಎಂದಳು. ವಿಷಯ ರಾಜದ್ರೋಹದ್ದೇನೂ ಅಲ್ಲ. ಪಂಚಾಯಿತಿಯ ಚುನಾವಣೆಯಲ್ಲಿ ಮನೆಯವರು ಯಾರ ಕಡೆ ನಿಲ್ಲಬೇಕೆಂಬ ಸಣ್ಣ ಮಾತು ಎಂದು ಆಮೇಲೆ ತಿಳಿಯಿತು. “ಫೋನಿನಲ್ಲಿ ಯಾಕೆ ಬೇಡ?” ಎಂದು ಕೇಳಿದೆ. “ಯಾರು ಕೇಳಿಸಿಕೊಳ್ತಿರ್ತಾರೋ ಏನೋ, ಸಾರ್” ಎಂದು ನಕ್ಕಳು. ಉಳಿದವರೂ ನಕ್ಕರು. ಇದೇ ಮಾತನ್ನು ನಾನೂ ಎಷ್ಟೋ ಸಲ ಆಡಿದ್ದೇನೆಂಬುದು ನೆನಪಾಗಿ ನನಗೆ ಮಾತ್ರ ನಗು ಬರಲಿಲ್ಲ.

ನಾವು ಅಲ್ಲಿಗೆ ಹೋದದ್ದು ಶಿಲಾಸ್ತಂಭವನ್ನು ನೋಡುವುದಕ್ಕೆ. ಐದನೆಯ ಶತಮಾನದಲ್ಲಿ ಕದಂಬ ದೊರೆ ಶಾಂತಿವರ್ಮನ ಕಾಲಕ್ಕೆ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವನ್ನು ಆ ಕಂಬದ ಮೇಲೆ ಕೊರೆಯಲಾಗಿದೆ. ಅದರ ಕಥೆ ಓದುಗರಿಗೆ ಹೊಸದಲ್ಲ. ರಾಜ್‌ಕುಮಾರ್ ಅವರ ‘ಮಯೂರ’ ಚಿತ್ರವನ್ನು ನೋಡದ ಕನ್ನಡಿಗರು ವಿರಳ. ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ವೇದಾಧ್ಯಯನಕ್ಕೆಂದು ಹೋಗುತ್ತಾನೆ. ಅಲ್ಲಿ ಪಲ್ಲವರ ಅಶ್ವದಳದವನೊಡನೆ ಕಲಹವಾಗುತ್ತದೆ. ಅವಮಾನವನ್ನು ನುಂಗಲಾರದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಪಲ್ಲವರ ಗಡಿಕಾವಲುಗಾರರನ್ನು ಗೆದ್ದು, ಶ್ರೀಪರ್ವತದ ಕಾಡುಗಳಲ್ಲಿ ನೆಲೆಯೂರಿ, ಕಡೆಗೆ ಪಲ್ಲವರಿಂದಲೇ ರಾಜನೆಂದು ಒಪ್ಪಿಸಿಕೊಳ್ಳುತ್ತಾನೆ.

ಈ ಕಥೆಯನ್ನು ಪ್ರತಿವರ್ಷವೂ ತರಗತಿಯಲ್ಲಿ ಹೇಳುವವನಿಗೆ ಅಂದು ಒಂದು ಹೊಸ ಸಂಗತಿ ಹೊಳೆಯಿತು. ಮಯೂರನಿಗೆ ತನ್ನನ್ನು ಅವಮಾನಿಸಿದವನು ಯಾರೆಂಬುದು ಗೊತ್ತಿತ್ತು. ಸವಾರನು ಹಗಲು ಬೆಳಕಿನಲ್ಲಿ, ಬೀದಿಯಲ್ಲಿ, ಎದುರಿಗೇ ಇದ್ದನು. ಅಧಿಕಾರದ ದರ್ಪ ಕಣ್ಣಿಗೆ ಕಂಡುದರಿಂದಲೇ ಅದಕ್ಕೆ ಇದಿರಾಗಿ ನಿಲ್ಲುವುದು ಸಾಧ್ಯವಾಯಿತು. ಆದರೆ ನಮ್ಮ ವಿದ್ಯಾರ್ಥಿನಿ ಅಂಜಿದ ಸವಾರನಿಗೆ ಮುಖವಿಲ್ಲ. ಅವನು ಇದ್ದಾನೋ ಇಲ್ಲವೋ ಎಂಬುದೂ ತಿಳಿಯದು. ಹೀಗಿರಲು ಜಗಳವಾಡುವುದು ಯಾರೊಡನೆ?

ಕದ್ದು ಕೇಳುವ ವಿದ್ಯೆ ಹೊಸತಲ್ಲವಷ್ಟೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿದ್ಯಾರ್ಥಿಯ ವೇಷದವರು, ತಾಪಸ ವೇಷದವರು, ವರ್ತಕರ ವೇಷದವರು ಎಂದು ಗೂಢಪುರುಷರ ಪಂಗಡಗಳೇ ಇವೆ. ಆದರೆ ಆ ಕಠೋರ ಗ್ರಂಥಕಾರನೂ ಒಬ್ಬ ಗೂಢಚಾರನ ಮಾತನ್ನು ನಂಬಲೊಲ್ಲನು. ಪರಸ್ಪರ ಪರಿಚಯವಿಲ್ಲದ ಮೂವರ ವರದಿ ಒಂದಾದರೆ ಮಾತ್ರ ನಂಬಬೇಕೆನ್ನುತ್ತಾನೆ. ಅವನು ಕೇಳದಿದ್ದ ಪ್ರಶ್ನೆಯೊಂದಿದೆ: ದೊರೆಯೇ ತನ್ನ ಗದ್ದುಗೆಯ ಭಯದಿಂದ ಕೇಳತೊಡಗಿದರೆ ತಡೆಯುವವರು ಯಾರು? ಅರಸೊತ್ತಿಗೆಯಲ್ಲಿ ಆ ಪ್ರಶ್ನೆಗೆ ಅರ್ಥವಿರಲಿಲ್ಲ. ಪ್ರಜಾಪ್ರಭುತ್ವದಲ್ಲಿ ಅದೇ ಮೊದಲ ಪ್ರಶ್ನೆ.

ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ಸೊರಬದ ನೆರೆಯ ಸಿದ್ದಾಪುರ ಸೀಮೆಯವರೇ ಆದ ರಾಮಕೃಷ್ಣ ಹೆಗಡೆಯವರು ೧೯೮೩ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಕಂಡವರು; ಲೋಕಾಯುಕ್ತವನ್ನು ತಂದವರು; ಅಬ್ದುಲ್ ನಜೀರ್ ಸಾಬರನ್ನು ಮುಂದಿಟ್ಟುಕೊಂಡು ಹಳ್ಳಿಗೆ ಅಧಿಕಾರವನ್ನು ಇಳಿಸಿದವರು. ಅಂತಹವರ ಸರಕಾರದಲ್ಲಿ ರಾಜ್ಯದ ಪೊಲೀಸರು ರಾಜಕಾರಣಿಗಳು, ಉದ್ಯಮಿಗಳು ಮೊದಲಾದ ಸುಮಾರು ೫೦ ಮಂದಿಯ ದೂರವಾಣಿಗಳನ್ನು ಕದ್ದಾಲಿಸಿದರೆಂದೂ ಅವರಲ್ಲಿ ಸ್ವಪಕ್ಷದವರೂ ಇದ್ದರೆಂದೂ ವರದಿಯಾಯಿತು. ೧೯೮೮ರ ಆಗಸ್ಟಿನಲ್ಲಿ ಹೆಗಡೆಯವರು ನೈತಿಕ ಹೊಣೆ ಹೊತ್ತು ರಾಜೀನಾಮೆಯಿತ್ತರು. ಅವರ ರಾಜಕೀಯದ ಏರು ಅಲ್ಲಿಗೆ ನಿಂತಿತೆಂದರೂ ಸಲ್ಲುತ್ತದೆ.

ಹೆಗಡೆಯವರನ್ನು ಬಯ್ಯುವುದು ಸುಲಭ. ನನಗೇನೋ ಅವರ ಮೇಲೆ ಗೌರವ ಹೋಗಿಲ್ಲ. ಇಂದು ಇಂತಹ ಆಪಾದನೆ ಬಂದರೆ ಕುರ್ಚಿ ಬಿಟ್ಟು ಏಳುವವರನ್ನು ನಾವು ಕಾಣೆವು. ನನ್ನನ್ನು ಕಾಡುವುದು ಬೇರೆ: ತಾನೇ ನಿಗಾದಡಿಯಲ್ಲಿ ಬಾಳಿದವರ ಸರಕಾರವೂ ಆ ಯಂತ್ರ ಕೈಗೆ ಬಂದಾಗ ಅದನ್ನು ಮುಟ್ಟದೆ ಬಿಡಲಿಲ್ಲ. ಅಂದಮೇಲೆ ಆಳುವವರ ಒಳ್ಳೆಯತನವನ್ನು ನಂಬಿ ಇದನ್ನು ಬಿಡುವಂತಿಲ್ಲ.

ದಿಲ್ಲಿಯೂ ಇದಕ್ಕೆ ಹೊರತಾಗಿರಲಿಲ್ಲ. ಜನರ ಪತ್ರಗಳನ್ನು ಒಡೆದು ಓದಲು ಸರಕಾರಕ್ಕೆ ವಿಶಾಲ ಅಧಿಕಾರ ಕೊಡುವ ಅಂಚೆ ತಿದ್ದುಪಡಿ ವಿಧೇಯಕವು ೧೯೮೬ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ರಾಷ್ಟ್ರಪತಿ ಜೈಲ್ ಸಿಂಗರು ಅದಕ್ಕೆ ಅಂಕಿತ ಹಾಕಲಿಲ್ಲ. ೧೯೯೧ರಲ್ಲಿ ರಾಜೀವ್ ಗಾಂಧಿಯವರ ಮನೆಯ ಬಳಿ ಹರಿಯಾಣದ ಇಬ್ಬರು ಪೊಲೀಸರು ಸುಳಿದಾಡಿದರೆಂಬ ಜಗಳವೇ ಚಂದ್ರಶೇಖರರ ಸರಕಾರಕ್ಕೆ ಮುಳುವಾಯಿತು.

ಇನ್ನು ಕಾನೂನಿನ ಮಾತು. ದೂರವಾಣಿಯನ್ನು ಕೇಳಲು ಸರಕಾರಕ್ಕೆ ಅಧಿಕಾರ ಕೊಟ್ಟದ್ದು ಬ್ರಿಟಿಷರು ೧೮೮೫ರಲ್ಲಿ ಮಾಡಿದ ತಂತಿ ಕಾಯಿದೆ. ಸುಪ್ರೀಂ ಕೋರ್ಟು ೧೯೯೬ರ ಡಿಸೆಂಬರಿನಲ್ಲಿ ಅದಕ್ಕೊಂದು ಕಡಿವಾಣ ಹಾಕಿತು. ಗೃಹ ಕಾರ್ಯದರ್ಶಿಯೇ ಆಜ್ಞೆ ಹೊರಡಿಸಬೇಕು. ಆಜ್ಞೆಯ ಅವಧಿ ಎರಡು ತಿಂಗಳು. ಎಷ್ಟೇ ಮುಂದುವರಿಸಿದರೂ ಆರು ತಿಂಗಳು ಮೀರಬಾರದು. ಪರಿಶೀಲನಾ ಸಮಿತಿಯೊಂದು ಅದನ್ನು ನೋಡಬೇಕು. ಕಾಯಿದೆಯಲ್ಲಿ ಇಲ್ಲದ ಕಾರಣ ನ್ಯಾಯಾಧೀಶರ ಮುನ್ನನುಮತಿ ಬೇಕೆಂದು ಮಾತ್ರ ವಿಧಿಸಲಿಲ್ಲ. ಹಳೆಯ ಕಾಯಿದೆಯ ಸ್ಥಾನಕ್ಕೆ ೨೦೨೩ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಬಂದು, ೨೦೨೪ರ ಡಿಸೆಂಬರಿನಲ್ಲಿ ಹೊಸ ನಿಯಮಗಳೂ ಹೊರಟವು. ಸಹಿ ಈಗಲೂ ಗೃಹ ಕಾರ್ಯದರ್ಶಿಯದೇ. ಪರಿಶೀಲಿಸುವ ಸಮಿತಿಯಲ್ಲಿ ಕುಳಿತವರು ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ ಮೊದಲಾದ ಸರಕಾರದ ಅಧಿಕಾರಿಗಳೇ. ಮನೆಯ ಲೆಕ್ಕವನ್ನು ಅಣ್ಣ ಬರೆದು ತಮ್ಮ ತಪಾಸಣೆ ಮಾಡಿದಂತೆ!

ಅಮೆರಿಕದವರು ಇಂಥದನ್ನೇ ಅನುಭವಿಸಿ ಬೇರೆ ದಾರಿ ಹಿಡಿದರು. ೧೯೬೩ರಲ್ಲಿ ಮಾರ್ಟಿನ್ ಲೂಥರ್ ಕಿಂಗರ ದೂರವಾಣಿಯನ್ನು ಕೇಳಲು ಒಪ್ಪಿಗೆ ಕೊಟ್ಟವರು ಯಾವ ದುಷ್ಟರೂ ಅಲ್ಲ, ಅಧ್ಯಕ್ಷ ಕೆನಡಿಯವರ ತಮ್ಮ, ಅಟಾರ್ನಿ ಜನರಲ್ ರಾಬರ್ಟ್ ಕೆನಡಿ. ಅಲ್ಲಿಯೂ ನಂಬಿದ್ದು ಆಳುವವರ ಸಹಿಯನ್ನೇ. ೧೯೬೮ರ ಕಾಯಿದೆ ಅಪರಾಧ ತನಿಖೆಗಳಲ್ಲಿ ನ್ಯಾಯಾಧೀಶರ ಅನುಮತಿಯನ್ನು ಕಡ್ಡಾಯ ಮಾಡಿತು. ಅದರಲ್ಲಿ ಇನ್ನೊಂದು ಸಣ್ಣ ನಿಯಮವಿದೆ, ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು: ಕೇಳುವುದು ಮುಗಿದ ೯೦ ದಿನಗಳೊಳಗೆ, ನ್ಯಾಯಾಧೀಶರು ಮುಂದೂಡದ ಹೊರತು, “ನಿಮ್ಮ ಮಾತನ್ನು ಕೇಳಿದ್ದೆವು” ಎಂದು ಆ ವ್ಯಕ್ತಿಗೆ ತಿಳಿಸಬೇಕು. ಕುದುರೆಯ ಸವಾರನು ತಡವಾಗಿಯಾದರೂ ಮುಖ ತೋರಿಸಬೇಕು!

ಆದರೂ ಅಧಿಕಾರದ ಹಸಿವು ಅಡಗಲಿಲ್ಲ. ೧೯೭೨ರ ಜೂನಿನಲ್ಲಿ ವಿರೋಧ ಪಕ್ಷದ ವಾಟರ್‌ಗೇಟ್ ಕಚೇರಿಗೆ ಕದ್ದು ಕೇಳುವ ಸಲಕರಣೆಗಳೊಂದಿಗೆ ನುಗ್ಗಿದವರು ಸಿಕ್ಕಿಬಿದ್ದರು. ಅದನ್ನು ಮುಚ್ಚಿಡಲು ಹೋದ ಅಧ್ಯಕ್ಷ ನಿಕ್ಸನ್ ೧೯೭೪ರ ಆಗಸ್ಟ್ ೯ರಂದು ಪದವಿ ತೊರೆದರು. ಸ್ವಾರಸ್ಯವೆಂದರೆ ಅವರನ್ನು ಕೆಡವಿದ್ದು ಅವರದೇ ಕೊಠಡಿಯ ಮಾತುಗಳನ್ನು ಅವರೇ ಗುಟ್ಟಾಗಿ ಮುದ್ರಿಸಿಟ್ಟ ಸುರುಳಿಗಳು. ೧೯೭೮ರಲ್ಲಿ ವಿದೇಶೀ ಗೂಢಚರ್ಯೆಯ ವಿಷಯಕ್ಕೆಂದೇ ವಿಶೇಷ ನ್ಯಾಯಾಲಯವೊಂದನ್ನು ಸ್ಥಾಪಿಸಿದರು. ಅದು ಗುಪ್ತವಾಗಿ ನಡೆಯುವ ನ್ಯಾಯಾಲಯ. ೨೦೧೩ರಲ್ಲಿ ಎಡ್ವರ್ಡ್ ಸ್ನೋಡನ್ ಹೊರಗೆಡವಿದ ಕಾಗದಗಳಿಂದ ತಿಳಿದುದೇನು? ವೆರಿಜಾನ್ ಕಂಪೆನಿಯ ಕೋಟ್ಯಂತರ ಗ್ರಾಹಕರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಮಾತನಾಡಿದರೆಂಬ ಲೆಕ್ಕವನ್ನು ಪ್ರತಿದಿನ ಸರಕಾರಕ್ಕೊಪ್ಪಿಸಬೇಕೆಂದು ಅಪ್ಪಣೆ ಕೊಟ್ಟದ್ದು ಅದೇ ನ್ಯಾಯಾಲಯ! ಎರಡು ವರ್ಷದ ಬಳಿಕ ಆ ಸಗಟು ಸಂಗ್ರಹವನ್ನು ಕಾನೂನಿನಿಂದ ನಿಲ್ಲಿಸಬೇಕಾಯಿತು. ಕತ್ತಲೆಯಲ್ಲಿ ಕುಳಿತರೆ ನ್ಯಾಯಾಧೀಶನ ಕಣ್ಣೂ ಮಂಜಾಗುತ್ತದೆ.

ಹಿಂದೆ ಒಂದು ದೂರವಾಣಿಯನ್ನು ಕದ್ದಾಲಿಸಲು ಒಬ್ಬ ಮನುಷ್ಯ ಕಿವಿಗೆ ಯಂತ್ರ ಕಟ್ಟಿಕೊಂಡು ಗಂಟೆಗಟ್ಟಲೆ ಕೂರಬೇಕಿತ್ತು. ಟ್ರಂಕ್ ಕಾಲಿನ ಕಾಲದಲ್ಲಿ ಊರಿನ ಎಕ್ಸ್‌ಚೇಂಜಿನವರಿಗೆ ಎಲ್ಲರ ಮನೆಯ ಮದುವೆಯ ಮಾತುಕತೆಯೂ ಗೊತ್ತಿರುತ್ತಿತ್ತೆಂದು ಹಿರಿಯರು ತಮಾಷೆ ಮಾಡುವುದುಂಟು. ಆ ಮನುಷ್ಯನಿಗೆ ನಿದ್ದೆ ಬರುತ್ತಿತ್ತು, ಬೇಸರವಾಗುತ್ತಿತ್ತು. ನಮ್ಮ ಸ್ವಾತಂತ್ರ್ಯಕ್ಕೆ ಅದೂ ಒಂದು ರಕ್ಷೆಯೇ. ಯಂತ್ರಕ್ಕೆ ನಿದ್ದೆಯಿಲ್ಲ.

ನಮ್ಮ ರಾಜ್ಯಕ್ಕೇ ಮರಳಿ ಬರೋಣ. ೨೦೧೯ರ ಆಗಸ್ಟಿನಲ್ಲಿ, ಹಿಂದಿನ ಮೈತ್ರಿ ಸರಕಾರದ ಅವಧಿಯಲ್ಲಿ ದೂರವಾಣಿ ಕದ್ದಾಲಿಕೆ ನಡೆಯಿತೆಂಬ ಆಪಾದನೆಯನ್ನು ಸಿ.ಬಿ.ಐ. ತನಿಖೆಗೆ ಒಪ್ಪಿಸಿದವರು ಇದೇ ಶಿಕಾರಿಪುರದ ಶಾಸಕರಾಗಿದ್ದ ಮುಖ್ಯಮಂತ್ರಿ ಯಡಿಯೂರಪ್ಪನವರು. ಆಪಾದನೆಯನ್ನು ಹಿಂದಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಅಲ್ಲಗಳೆದರು. ೨೦೨೧ರಲ್ಲಿ ಪೆಗಾಸಸ್ ಎಂಬ ಗೂಢ ತಂತ್ರಾಂಶದ ಸುದ್ದಿ ಬಂದಾಗ, ಅದೇ ಮೈತ್ರಿ ಸರಕಾರದ ಪ್ರಮುಖರಿಗೆ ಸೇರಿದ ಸಂಖ್ಯೆಗಳು ಸಂಭಾವ್ಯ ಗುರಿಗಳ ಪಟ್ಟಿಯಲ್ಲಿದ್ದುವೆಂದು ಪತ್ರಿಕೆಗಳು ಬರೆದವು. ಕೇಳಿದರೆನ್ನಿಸಿಕೊಂಡವರೇ ಕೇಳಿಸಿಕೊಂಡವರ ಸಾಲಿನಲ್ಲಿಯೂ ನಿಂತರು.

ಇದೇ ಕನ್ನಡನಾಡಿನಿಂದ ಬಂದ ಇನ್ನೊಂದು ಹೆಸರನ್ನೂ ಹೇಳಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೮೬ರ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಆ ಮೊಕದ್ದಮೆಯಲ್ಲಿಯೇ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ಹಕ್ಕು ಸಿಕ್ಕಿತು, ಆದರೆ ನಮ್ಮ ಮಾತನ್ನು ಕೇಳಿದ್ದಾರೆಯೇ ಎಂದು ತಿಳಿಯುವ ದಾರಿ ಇನ್ನೂ ಸಿಕ್ಕಿಲ್ಲ.

ಅಂದು ಸಂಜೆ ಶಿರಾಳಕೊಪ್ಪದ ಬಸ್ಸಿಗೆ ಕಾಯುತ್ತ ಇದನ್ನೆಲ್ಲ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಆ ಹುಡುಗಿ ಕೇಳಿದಳು: “ಸಾರ್, ಹೆಗಡೆಯವರ ಕಾಲದ ಸುದ್ದಿ ಜನಕ್ಕೆ ಗೊತ್ತಾದದ್ದು ಹೇಗೆ?”

“ಪತ್ರಿಕೆಯಲ್ಲಿ ಬಂತು.”

“ಬರದೇ ಇದ್ದಿದ್ದರೆ?”

ಉತ್ತರ ಹೇಳುವಷ್ಟರಲ್ಲಿ ಬಸ್ಸು ಬಂತು. ಕಾಲಿಡಲು ಜಾಗವಿರಲಿಲ್ಲ, ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು, ನಾನು ಹಿಂದಿನದರಿಂದ.