ಹಿಪ್ಪುನೇರಳೆ ಎಲೆ ರೋಗಗಳು ಮತ್ತು ಹತೋಟಿ

ಕನಕಪುರದ ಸುತ್ತಿನ ಬೆಳೆಗಾರರು ಒಳ್ಳೆಯ ಮೊಟ್ಟೆ ತಂದು, ಹುಳುಮನೆಯನ್ನು ಶುಚಿಯಾಗಿಟ್ಟರೂ ಕೆಲವೊಮ್ಮೆ ಗೂಡು ಹಗುರವಾಗುತ್ತದೆ. ಆಗ ತೋಟದ ಸೊಪ್ಪನ್ನು ಮಗುಚಿ ನೋಡಬೇಕು. ಶಿಲೀಂಧ್ರ ತಗುಲಿದ ಸೊಪ್ಪಿನಲ್ಲಿ ಸತ್ವ ಕಡಿಮೆಯಾಗಿ ಹುಳು ಸೊರಗುತ್ತದೆ.

ಎಲೆಚುಕ್ಕೆ ರೋಗ: ಮಳೆಗಾಲದಲ್ಲಿ ಹೆಚ್ಚು. ಕಂದು ಚುಕ್ಕೆಗಳು ದೊಡ್ಡದಾಗಿ ಕೂಡಿಕೊಂಡು, ನಡುಭಾಗ ಉದುರಿ ತೂತು ಬೀಳುತ್ತದೆ.

ಬೂದಿ ರೋಗ: ಚಳಿಗಾಲದಲ್ಲಿ ಎಲೆಯ ತಳಭಾಗದಲ್ಲಿ ಬಿಳಿ ಪುಡಿ ಕಾಣುತ್ತದೆ. ಬರಬರುತ್ತಾ ಅದು ಕಪ್ಪಾಗುತ್ತದೆ.

ತುಕ್ಕು ರೋಗ: ಬಲಿತ ಎಲೆಯ ತಳದಲ್ಲಿ ಸೂಜಿಮೊನೆಯಷ್ಟು ಕಂದು ಗುಳ್ಳೆಗಳು ಏಳುತ್ತವೆ. ಎಲೆ ಹಳದಿಯಾಗಿ ಬೇಗ ಉದುರುತ್ತದೆ.

ಹತೋಟಿ: ಗಾಳಿ ಬೆಳಕು ಆಡುವಂತೆ ಸಾಲುಗಳಿಗೆ ಅಂತರ ಕೊಡಿ. ಉದುರಿದ ರೋಗದ ಎಲೆಗಳನ್ನು ಆರಿಸಿ ಸುಡಿ. ಸೊಪ್ಪು ಬಲಿಯುವವರೆಗೆ ಬಿಡದೆ ಸಕಾಲಕ್ಕೆ ಕಟಾವು ಮಾಡಿ. ಕಟಾವಾದ 30–35 ದಿನಗಳಲ್ಲಿ ರೋಗ ಕಂಡರೆ ಲೀಟರ್ ನೀರಿಗೆ 2 ಗ್ರಾಂ ಔಷಧಿ ಬೆರೆಸಿ ಸಿಂಪಡಿಸಿ. ಎಲೆಚುಕ್ಕೆ, ಬೂದಿ ರೋಗಗಳಿಗೆ ಶೇ. 50ರ ಕಾರ್ಬೆಂಡಜಿಂ, ತುಕ್ಕು ರೋಗಕ್ಕೆ ಕ್ಲೋರೋಥಲೋನಿಲ್ ಬಳಸಿ. ಎಲೆಯ ತಳಭಾಗ ಚೆನ್ನಾಗಿ ನೆನೆಯಬೇಕು.

ಎಚ್ಚರಿಕೆ: ಸಿಂಪಡಿಸಿದ 10 ದಿನಗಳವರೆಗೆ ಆ ಸೊಪ್ಪನ್ನು ಹುಳುವಿಗೆ ಕೊಡಬಾರದು. ಹುಳು ಜ್ವರದಿಂದ ಎದ್ದಿದೆ, ಸೊಪ್ಪು ಬೇಕೆಂದು ಅವಸರಪಟ್ಟರೆ ಇಡೀ ಬೆಳೆಯೇ ಕೈತಪ್ಪಬಹುದು. ಆದ್ದರಿಂದ ಚಾಕಿ ಕಟ್ಟುವ ಮೊದಲೇ ತೋಟವನ್ನು ನೋಡಿ. ಅನುಮಾನವಿದ್ದರೆ ರೋಗದ ಎಲೆಯೊಡನೆ ಹತ್ತಿರದ ರೇಷ್ಮೆ ವಿಸ್ತರಣಾಧಿಕಾರಿಯನ್ನು ಕಾಣಿರಿ.