ಕಮಾನು ಪಟ್ಟಿ ಸೋತಾಗ

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅದನ್ನು ಅಕ್ಕರೆಯಿಂದ ಉಳಿಸಿಕೊಂಡ ಮನೆಗಳು ಇನ್ನೂ ಇವೆ. ಅದರ ಹಿಂಬದಿಯ ಭಾರವನ್ನು ಹೊರುವವು ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಕಮಾನು ಪಟ್ಟಿಗಳು. ಬಾಗುವ ಒತ್ತಡ ನಡುವಿನಲ್ಲೇ ಹೆಚ್ಚು. ಅದಕ್ಕೆಂದೇ ಅಲ್ಲಿ ಪಟ್ಟಿಗಳೂ ಹೆಚ್ಚು. ಆದರೆ ಉಕ್ಕಿಗೂ ದಣಿವುಂಟು. ವರ್ಷಗಳು ಕಳೆದಂತೆ ಕಮಾನು ಚಪ್ಪಟೆಯಾಗುತ್ತದೆ, ಗಾಡಿ ಒಂದು ಮಗ್ಗುಲಿಗೆ ವಾಲುತ್ತದೆ, ಒಮ್ಮೊಮ್ಮೆ ಪಟ್ಟಿಯೇ ಮುರಿಯುತ್ತದೆ.

ಅದನ್ನು ಮನೆಯಲ್ಲೇ ಬದಲಿಸಬಹುದು. ಆದರೆ ಜ್ಯಾಕ್ ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲವೆಂಬುದನ್ನು ಮರೆಯಲಾಗದು. ಗಟ್ಟಿಯಾದ ಸಮನೆಲದಲ್ಲಿ ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಗಾಡಿಯನ್ನೆತ್ತಿ, ಒಡಲಿನ ಬಲವಾದ ಭಾಗವನ್ನು ಉಕ್ಕಿನ ಸ್ಟ್ಯಾಂಡುಗಳ ಮೇಲೆ ಇಳಿಸುವ ತನಕ ಯಾರೂ ಅದರ ಅಡಿಗೆ ತಲೆಯಿಡಬಾರದು. ಇಟ್ಟಿಗೆಗಳನ್ನು ನಂಬುವಂತಿಲ್ಲ, ಅವು ಮುನ್ಸೂಚನೆಯಿಲ್ಲದೆ ಸೀಳುತ್ತವೆ.

ಬಳಿಕ ಆಕ್ಸಲಿಗೆ ಜ್ಯಾಕಿನ ಆಸರೆ ಕೊಟ್ಟು, ಪಟ್ಟಿಯ ಸೆಳೆತ ಸಡಿಲಿದ ಮೇಲೆ ಯು-ಬೋಲ್ಟುಗಳನ್ನೂ ತುದಿಗಳ ಬೋಲ್ಟುಗಳನ್ನೂ ಬಿಚ್ಚಬೇಕು. ಹೊಸ ಕಟ್ಟಿನ ನಡುಬೋಲ್ಟಿನ ತಲೆ ಆಕ್ಸಲಿನ ರಂಧ್ರದಲ್ಲಿ ಸರಿಯಾಗಿ ಕೂರಬೇಕು. ತಪ್ಪಿದರೆ ಆಕ್ಸಲೇ ಓರೆಯಾದೀತು. ಹಳೆಯ ಯು-ಬೋಲ್ಟುಗಳು ಎಳೆದು ಸೊರಗಿರುತ್ತವೆ. ಹೊಸವನ್ನೇ ಹಾಕುವುದು ಕ್ಷೇಮ. ಒಂದು ಮಗ್ಗುಲು ಮುಗಿದ ಮೇಲೆ ಇನ್ನೊಂದನ್ನು ಬಿಚ್ಚಬೇಕು. ಎರಡನ್ನೂ ಬದಲಿಸದಿದ್ದರೆ ಗಾಡಿಯ ವಾಲು ತೀರದು.

ತುದಿಯ ಬೋಲ್ಟುಗಳ ಅಂತಿಮ ಬಿಗಿತ ಮಾತ್ರ ಗಾಡಿ ನೆಲಕ್ಕಿಳಿದ ಮೇಲೆಯೇ ಆಗಬೇಕು. ಚಕ್ರಗಳು ಜೋತಾಡುತ್ತಿರುವಾಗ ಬಿಗಿದರೆ, ಗಾಡಿ ಇಳಿದೊಡನೆ ರಬ್ಬರ್ ಬುಷ್ಷುಗಳು ತಿರುಚಿಕೊಂಡು ಬೇಗನೆ ಹರಿಯುತ್ತವೆ. ಕೆಲವು ದಿನಗಳ ಓಡಾಟದ ಬಳಿಕ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಬೇಕು. ಹೊಸ ಪಟ್ಟಿಗಳು ಭಾರಕ್ಕೆ ಒಗ್ಗಿ, ಒಂದರೊಳಗೊಂದು ನೆಲೆಗೊಳ್ಳಲು ಅಷ್ಟು ಕಾಲ ಬೇಕು.