ಹದಿನೈದೋ, ಹದಿನೆಂಟೋ? ಪಾಠದ ವಿಡಿಯೊವನ್ನು ಫ್ರೇಮ್ ಲೆಕ್ಕದಲ್ಲಿ ಕತ್ತರಿಸುವುದು

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ಮುಕ್ತ ಪತನದ ಪಾಠಕ್ಕಾಗಿ ನಾನೇ ಒಂದು ವಿಡಿಯೊ ತಯಾರಿಸಿದ್ದೆ. 1.25 ಮೀಟರ್ ಎತ್ತರದಿಂದ ಬಿಟ್ಟ ಚೆಂಡನ್ನು ಸೆಕೆಂಡಿಗೆ 30 ಫ್ರೇಮ್‌ಗಳಂತೆ ಮೊಬೈಲಿನಲ್ಲಿ ಚಿತ್ರೀಕರಿಸಿ, ಚೆಂಡು ಕೈಬಿಟ್ಟಲ್ಲಿಂದ ನೆಲ ಮುಟ್ಟುವವರೆಗಿನ ತುಣುಕನ್ನು ಕತ್ತರಿಸಿಕೊಂಡಿದ್ದೆ. ಮಕ್ಕಳು ಫ್ರೇಮ್ ಎಣಿಸಿ ಕಾಲ ಕಂಡುಕೊಳ್ಳಬೇಕು. ದೂರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ ಸಿಗುತ್ತದೆ.

ಒಬ್ಬ ಹುಡುಗಿ 18 ಎಣಿಸಿದಳು. ಅಂದರೆ 0.6 ಸೆಕೆಂಡ್; ಉತ್ತರ 6.9. "ಸರಿಯಾಗಿ ಎಣಿಸು" ಎಂದೆ. ಅವಳು ಪುಸ್ತಕದ 9.8 ನೋಡಿ, 18 ಅಳಿಸಿ 15 ಎಂದು ಬರೆದಳು. ಉತ್ತರ 10 ಬಂತು. ನಾನು "ಗುಡ್" ಎಂದೆ.

ರಾತ್ರಿ ನಾನೇ ಎಣಿಸಿದೆ. 18 ಸರಿಯಾಗಿತ್ತು, ತಪ್ಪಿದ್ದು ನನ್ನ ಕತ್ತರಿ.

ಮೊಬೈಲ್ ವಿಡಿಯೊದಲ್ಲಿ ಎಲ್ಲ ಫ್ರೇಮ್‌ಗಳೂ ಪೂರ್ಣ ಚಿತ್ರಗಳಾಗಿ ಉಳಿದಿರುವುದಿಲ್ಲ. ಆಗಾಗ ಒಂದು ಪೂರ್ಣ ಚಿತ್ರ ಇರುತ್ತದೆ, ಅದೇ ಕೀಫ್ರೇಮ್. ನಡುವಿನವುಗಳಲ್ಲಿ ಬದಲಾದ ಭಾಗ ಮಾತ್ರ ದಾಖಲಾಗಿರುತ್ತದೆ. ನಾನು ಬಳಸಿದ ಆ್ಯಪ್ ವಿಡಿಯೊವನ್ನು ಹೊಸದಾಗಿ ಎನ್‌ಕೋಡ್ ಮಾಡದೆ ಬೇಗ ಕತ್ತರಿಸುವಂಥದ್ದು. ಹಾಗಾಗಿ ನನ್ನ ಗುರುತನ್ನು ಬಿಟ್ಟು, ಮೂರು ಫ್ರೇಮ್ ಹಿಂದಿದ್ದ ಕೀಫ್ರೇಮಿನಿಂದಲೇ ತುಣುಕು ಆರಂಭವಾಗಿತ್ತು. ಬಿಟ್ಟ ಮೇಲೆ ಮೊದಲ ಫ್ರೇಮಿನ ಅವಧಿಯಲ್ಲಿ ಚೆಂಡು ಇಳಿಯುವುದು ಸುಮಾರು ಅರ್ಧ ಸೆಂಟಿಮೀಟರ್ ಮಾತ್ರ. ಆದ್ದರಿಂದ ಈ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ.

ಈಗ ಉಚಿತವಾಗಿ ಸಿಗುವ ಶಾಟ್‌ಕಟ್ ತಂತ್ರಾಂಶದಲ್ಲಿ ಹೀಗೆ ಮಾಡುತ್ತೇನೆ:

1. ಮೊಬೈಲ್ ವಿಡಿಯೊದಲ್ಲಿ ಫ್ರೇಮ್ ದರ ಏರುಪೇರಾಗುವುದುಂಟು. ಎಡಿಟಿಂಗಿಗೆ ಹೊಂದುವಂತೆ ಪರಿವರ್ತಿಸಲೇ ಎಂದು ತಂತ್ರಾಂಶ ಕೇಳಿದರೆ ಒಪ್ಪಬೇಕು. ಪ್ರಾಜೆಕ್ಟಿನ ದರವೂ 30 ಇರಬೇಕು.
2. ಮೌಸ್ ಎಳೆದು ಅಂದಾಜಿನ ಜಾಗಕ್ಕೆ ಹೋಗಿ, ಆಮೇಲೆ ಬಾಣದ ಕೀಲಿಯಿಂದ ಒಂದೊಂದೇ ಫ್ರೇಮ್ ಸರಿಯಬೇಕು.
3. ಚೆಂಡು ಕೆಳಗಿಳಿದದ್ದು ಕಂಡ ಫ್ರೇಮಿನಿಂದ ಒಂದು ಹಿಂದೆ ಬಂದು ಕತ್ತರಿಸಬೇಕು. ಚಿತ್ರೀಕರಿಸುವಾಗಲೇ ಚೆಂಡಿನ ಹಿಂದೆ ಅಳತೆಪಟ್ಟಿ ಇಟ್ಟಿದ್ದರೆ ಇದು ಸುಲಭ.
4. ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ತೆರೆದು ಮತ್ತೆ ಎಣಿಸಬೇಕು. ಮೊದಲ ಫ್ರೇಮ್ 0. ನಾವು ಅಳೆಯುವುದು ಫ್ರೇಮ್‌ಗಳ ನಡುವಿನ ಅಂತರವನ್ನು.

ಮರುದಿನ ಎರಡೂ ತುಣುಕುಗಳನ್ನು ತರಗತಿಯಲ್ಲಿ ತೋರಿಸಿ, "ನಿನ್ನೆ ನಿನ್ನ ಎಣಿಕೆಯೇ ಸರಿ, ತಪ್ಪು ನನ್ನದು" ಎಂದು ಆ ಹುಡುಗಿಗೆ ಹೇಳಿದೆ. ಅವಳು, "ಹಾಗಾದರೆ 18 ಅಂತಲೇ ಬರೆಯಲಾ ಮಿಸ್?" ಎಂದು ಕೇಳಿದಳು. ಎರಡನ್ನೂ ಬರೆದು, ಪಕ್ಕದಲ್ಲಿ ಕಾರಣ ಬರೆಯಲು ಹೇಳಿದೆ. ನನ್ನ ಪಾಠಯೋಜನೆಯ ಬೋಧನೋಪಕರಣದ ಕಲಂನಲ್ಲಿ ಈಗ ಇನ್ನೊಂದು ಸಾಲಿದೆ: ಫ್ರೇಮ್ ಎಣಿಸಿ ಪರೀಕ್ಷಿಸಿದೆ.